ಗುಟ್ಟು ಬಿಟ್ಟುಕೊಡದೆ ಪತ್ತೇದಾರಿ ಕಾದಂಬರಿಯ ಬಗ್ಗೆ ಬರೆಯುವುದು ಹೇಗೆ

‘ಕೊನೆಯವರೆಗೂ ಕುತೂಹಲ ಉಳಿಸಿಕೊಳ್ಳುತ್ತದೆ, ಕ್ಲೈಮ್ಯಾಕ್ಸ್ ಸೂಪರ್, ತಪ್ಪದೆ ಓದಿ.’ ಪತ್ತೇದಾರಿ ಕಾದಂಬರಿ ಓದಿ ಮುಗಿಸಿದವರು ಹೆಚ್ಚಾಗಿ ಬರೆಯುವುದು ಇಷ್ಟೇ. ಪುಸ್ತಕದ ಹೆಸರು ಬದಲಿಸಿದರೆ ಇದೇ ಮಾತು ಇನ್ನೊಂದು ಪುಸ್ತಕಕ್ಕೂ ಸಲ್ಲುತ್ತದೆ. ಗುಟ್ಟು ರಟ್ಟಾದೀತು ಎಂಬ ಅಂಜಿಕೆಯಿಂದ ಹೀಗಾಗುತ್ತದೆ. ಆದರೆ ಕೊಂದವರು ಯಾರೆಂದು ಹೇಳದೆಯೂ ಕಾದಂಬರಿ ಹೇಗೆ ಕಟ್ಟಿದ್ದಾರೆ, ಎಲ್ಲಿ ಸಡಿಲವಾಗಿದೆ, ಓದುಗರಿಗೆ ಮೋಸ ಆಗಿದೆಯೋ ಇಲ್ಲವೋ ಎಂಬುದನ್ನು ಖಚಿತವಾಗಿ ಹೇಳಬಹುದು. ಅದಕ್ಕೆ ಬೇಕಾದ ಸಾಮಗ್ರಿಯನ್ನು ಓದುವಾಗಲೇ ಕೂಡಿಸಿಕೊಳ್ಳಬೇಕು. ಮುಗಿದ ಮೇಲೆ ನೆನಪಿನಿಂದ ತೆಗೆಯುತ್ತೇನೆಂದರೆ ಸಿಗುವುದಿಲ್ಲ.

ಓದುವಾಗ: ಒಂದು ಕಾರ್ಡು, ನಾಲ್ಕು ನಿಲುಗಡೆ

ಅಂಚೆ ಕಾರ್ಡಿನ ಅಳತೆಯ ದಪ್ಪ ಕಾಗದವೊಂದು, ಒಂದು ಪೆನ್ಸಿಲ್ ಸಾಕು. ಕಾರ್ಡನ್ನೇ ಪುಟದ ಗುರುತಾಗಿ ಇಟ್ಟುಕೊಂಡರೆ ಹುಡುಕಾಡುವ ಕೆಲಸವಿಲ್ಲ. ಕಾರ್ಡಿನ ಒಂದು ಮಗ್ಗುಲಲ್ಲಿ ಪಾತ್ರಗಳ ಪಟ್ಟಿ: ಹೆಸರು, ಸತ್ತವರಿಗೆ ಏನಾಗಬೇಕು, ಕೊಲೆಯ ಹೊತ್ತಿಗೆ ಎಲ್ಲಿದ್ದೆ ಎಂದರು, ಅದಕ್ಕೆ ಸಾಕ್ಷಿ ಯಾರು. ನಾಲ್ಕನೆಯ ಅಂಕಣವೇ ಮುಖ್ಯ. ಒಬ್ಬರು ತಾವೇ ಹೇಳಿಕೊಂಡದ್ದನ್ನು ಓದುಗರು ಹತ್ತು ಪುಟ ದಾಟುವಷ್ಟರಲ್ಲಿ ನಡೆದ ಸಂಗತಿ ಎಂದೇ ಒಪ್ಪಿಕೊಂಡುಬಿಡುತ್ತಾರೆ. ಬರೆಯುವವರು ಅದನ್ನೇ ನೆಚ್ಚಿಕೊಂಡಿರುತ್ತಾರೆ. ಸಾಕ್ಷಿಯ ಜಾಗ ಖಾಲಿ ಇದ್ದರೆ ಖಾಲಿಯಾಗಿಯೇ ಬಿಡಿ, ನೀವಾಗಿ ತುಂಬಬೇಡಿ.

ಇನ್ನೊಂದು ಮಗ್ಗುಲು ಊಹೆಗೆ. ಪುಸ್ತಕವನ್ನು ನಾಲ್ಕು ಕಡೆ ನಿಲ್ಲಿಸಿ ಬರೆಯಬೇಕು. 240 ಪುಟದ ಕಾದಂಬರಿಯಾದರೆ 60, 120, 180ನೇ ಪುಟದ ಹತ್ತಿರ ಅಧ್ಯಾಯ ಮುಗಿದಲ್ಲಿ, ಮತ್ತೆ ಪತ್ತೇದಾರ ಎಲ್ಲರನ್ನೂ ಒಂದೆಡೆ ಕೂರಿಸಿ ಬಾಯಿ ಬಿಡುವ ಮುಂಚೆ. ಪ್ರತಿ ಸಲವೂ ಎರಡೇ ಸಾಲು: ಯಾರ ಮೇಲೆ ಸಂಶಯ, ಯಾಕೆ. ‘ಯಾಕೆ’ ಬಿಟ್ಟರೆ ಕಾರ್ಡಿನಿಂದ ಏನೂ ಪ್ರಯೋಜನವಿಲ್ಲ. ‘ಅಳಿಯ, ಯಾಕೆಂದರೆ ದೀಪ ಆರಿದ ಹೊತ್ತನ್ನು ಅವನು ತಪ್ಪು ಹೇಳಿದ’ ಎನ್ನುವುದು ಕತೆಯೊಳಗಿನ ಸುಳಿವಿನಿಂದ ಹುಟ್ಟಿದ ಊಹೆ. ‘ಡಾಕ್ಟರ್, ಯಾಕೆಂದರೆ ಅವರಿಗೆ ಕತೆಯಲ್ಲಿ ಬೇರೆ ಕೆಲಸವೇ ಇಲ್ಲ’ ಎನ್ನುವುದು ಪತ್ತೇದಾರಿ ಕತೆ ಓದಿ ಓದಿ ಬಂದ ಅಭ್ಯಾಸದ ಊಹೆ. ಎರಡೂ ಸರಿಯಾಗಬಹುದು. ಆದರೆ ಎರಡನೆಯದು ಸರಿಯಾದರೆ ಲೇಖಕರು ಪಾತ್ರವನ್ನು ಕತೆಗೆ ಹೊಂದಿಸುವುದರಲ್ಲಿ ಸೋತಿದ್ದಾರೆ ಎಂದರ್ಥ, ಮೊದಲನೆಯದು ಸರಿಯಾದರೆ ಅವರು ನ್ಯಾಯವಾಗಿ ಆಡಿದ್ದಾರೆ ಎಂದರ್ಥ. ‘ಅರ್ಧಕ್ಕೇ ಗೊತ್ತಾಯಿತು, ಆದ್ದರಿಂದ ಪುಸ್ತಕ ಪೇಲವ’ ಎಂಬ ತೀರ್ಪು ಈ ಎರಡನ್ನೂ ಕಲಸಿಬಿಡುತ್ತದೆ.

ಕಾರ್ಡು ಬೇಕೇಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಉತ್ತರ ಗೊತ್ತಾದ ಮರುಕ್ಷಣ ‘ನನಗೆ ಆಗಲೇ ಅನ್ನಿಸಿತ್ತು’ ಎಂದು ಮನಸ್ಸು ಹೇಳತೊಡಗುತ್ತದೆ. ಐದು ಜನರ ಮೇಲೂ ಒಂದೊಂದು ಸಲ ಸಂಶಯ ಬಂದೇ ಇರುತ್ತದೆ, ಹಾಗಾಗಿ ಅದು ಪೂರ್ತಿ ಸುಳ್ಳೂ ಅಲ್ಲ. 120ನೇ ಪುಟದಲ್ಲಿ ನಿಜವಾಗಿ ಯಾರ ಹೆಸರಿತ್ತು ಎಂಬುದು ಪೆನ್ಸಿಲಿಗಷ್ಟೇ ಗೊತ್ತು.

ವಿಚಿತ್ರ ಎನ್ನಿಸಿದ ಸಾಲು ಕಂಡರೆ ಪುಟ ಸಂಖ್ಯೆಯನ್ನು ಕಾರ್ಡಿನಲ್ಲಿ ಬರೆದು ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿ. ಅಂಥವು ಹತ್ತು-ಹನ್ನೆರಡು ಮೀರದಿರಲಿ. ಪ್ರತಿ ಪುಟಕ್ಕೂ ಗುರುತು ಹಾಕುತ್ತಾ ಹೋದರೆ ಅದು ಓದಲ್ಲ, ತನಿಖೆ. ಹವಾಮಾನ, ಊಟ, ಬಟ್ಟೆ, ಸಾಕುಪ್ರಾಣಿ ಇವುಗಳ ಬಗ್ಗೆ ಬೇಕಾದ್ದಕ್ಕಿಂತ ಒಂದು ವಾಕ್ಯ ಹೆಚ್ಚಾಗಿ ಬಂದರೆ ಅಲ್ಲಿ ಗುರುತು ಹಾಕಿ. ಸುಳಿವನ್ನು ಅಡಗಿಸುವವರು ಅದನ್ನು ಹೆಚ್ಚಾಗಿ ಒಂದು ಪಟ್ಟಿಯ ನಡುವೆ ಇಡುತ್ತಾರೆ, ಇಲ್ಲವೇ ಅದರ ಬೆನ್ನಿಗೇ ದೊಡ್ಡ ಗಲಾಟೆಯೊಂದನ್ನು ತರುತ್ತಾರೆ.

ಮುನ್ನುಡಿಯನ್ನು ಕೊನೆಗೆ ಓದಿ. ಹಳೆಯ ಕೃತಿಗಳ ಹೊಸ ಮುದ್ರಣಗಳಲ್ಲಿ ಮುನ್ನುಡಿ ಬರೆದವರು ಓದುಗರಿಗೆ ಕತೆ ಮೊದಲೇ ಗೊತ್ತು ಎಂದುಕೊಂಡು ಬರೆದಿರುತ್ತಾರೆ. ಬೆನ್ನುಡಿಯದೂ ಇದೇ ಪಾಡು: 150ನೇ ಪುಟದಲ್ಲಿ ನಡೆಯುವ ಎರಡನೇ ಸಾವನ್ನು ಬೆನ್ನುಡಿಯ ಮೂರನೇ ಸಾಲಿನಲ್ಲೇ ಹೇಳಿರುವ ಪುಸ್ತಕಗಳಿವೆ.

ಮುಗಿದ ಮೇಲೆ: ಸುಳಿವಿನ ಲೆಕ್ಕ

ಮುಗಿಸಿದ ದಿನವೇ ಬರೆಯಬೇಡಿ. ಕೊನೆಯ ಇಪ್ಪತ್ತು ಪುಟದ ಬಿಸಿಯಲ್ಲಿ ಹಿಂದಿನ ಇನ್ನೂರು ಪುಟ ಮರೆತುಹೋಗಿರುತ್ತದೆ. ಒಂದು ರಾತ್ರಿ ಕಳೆಯಲಿ. ಮಾರನೇ ದಿನ ಮೂರು ಕಡೆ ಮಾತ್ರ ಮರುಓದು: ಮೊದಲ ಅಧ್ಯಾಯ, ಪ್ರಶ್ನೆ ಗುರುತಿನ ಪುಟಗಳು, ರಹಸ್ಯ ಬಿಡಿಸುವ ಅಧ್ಯಾಯ. ಮುಕ್ಕಾಲು ಗಂಟೆ ಸಾಕಾಗುತ್ತದೆ.

ಈಗ ನಿಜವಾದ ಕೆಲಸ. ಪತ್ತೇದಾರ ತನ್ನ ತೀರ್ಮಾನಕ್ಕೆ ಆಧಾರವಾಗಿ ಕೊಡುವ ಸಂಗತಿಗಳನ್ನೆಲ್ಲ ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರ ಮುಂದೆಯೂ ಅದು ಹಿಂದೆ ಎಲ್ಲಿ ಬಂದಿತ್ತು ಎಂಬ ಪುಟ ಸಂಖ್ಯೆ ಹಾಕಿ. ಸಿಗದಿದ್ದರೆ ಸೊನ್ನೆ.

ಉದಾಹರಣೆಗೆಂದು ಇಲ್ಲದ ಕಾದಂಬರಿಯೊಂದನ್ನು ಕಟ್ಟಿಕೊಳ್ಳೋಣ. ಸಕಲೇಶಪುರದ ಕಡೆಯ ಒಂದು ಕಾಫಿ ತೋಟ, ಜುಲೈ ಮಳೆ. ತೋಟದ ಯಜಮಾನರು ರಾತ್ರಿ ಪಲ್ಪಿಂಗ್ ಮನೆಯಲ್ಲಿ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಮನೆಯಲ್ಲಿ, ಕೊಲೆಯಾಗುತ್ತಾರೆ. ಮನೆಯಲ್ಲಿದ್ದವರು ತಂಗಿ, ಅಳಿಯ, ಊರಿನ ಡಾಕ್ಟರು, ತೋಟದ ಲೆಕ್ಕ ಬರೆಯುವ ರೈಟರು. 31ನೇ ಪುಟದಲ್ಲಿ, ಕೊಲೆಗೆ ಮುಂಚಿನ ಸಂಜೆ, ನಾಯಿ ಓಡಿಬಂದ ರಭಸಕ್ಕೆ ಅಂಗಳದ ಮಳೆಮಾಪಕ ಉರುಳಿ ಚರಂಡಿಗೆ ಬೀಳುತ್ತದೆ. ನಾಯಿಗೆ ಬೈಗುಳ ಬೀಳುತ್ತದೆ, ಕತೆ ಮುಂದೆ ಹೋಗುತ್ತದೆ. 88ನೇ ಪುಟದಲ್ಲಿ, ಮಾರನೇ ದಿನ, ಗುಡ್ಡ ಕುಸಿದ ಮಾತು ಬಂದಾಗ ರೈಟರು ಮಳೆ ಲೆಕ್ಕದ ಪುಸ್ತಕ ತೆರೆದು ‘ಬೆಳಗ್ಗೆ ನಾನೇ ನೋಡಿದ್ದು, 2 ಇಂಚು 40 ಸೆಂಟ್’ ಎನ್ನುತ್ತಾರೆ (ಇಲ್ಲಿ ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ). 104ನೇ ಪುಟದಲ್ಲಿ ಅದೇ ಮಧ್ಯಾಹ್ನ ಚರಂಡಿ ಬಿಡಿಸಲು ಬಂದ ಆಳು ಮಳೆಮಾಪಕವನ್ನು ಎತ್ತಿ ಕಟ್ಟೆಯ ಮೇಲೆ ಇಡುತ್ತಾನೆ. 214ನೇ ಪುಟದಲ್ಲಿ ಪತ್ತೇದಾರ ಈ ಮೂರನ್ನೂ ಪೋಣಿಸುತ್ತಾನೆ: ರಾತ್ರಿಯಿಡೀ ಚರಂಡಿಯಲ್ಲಿ ಬಿದ್ದಿದ್ದ ಮಾಪಕದಿಂದ ಅಳತೆ ಸಿಗುವುದು ಸಾಧ್ಯವಿಲ್ಲ. ರೈಟರು ಪಕ್ಕದ ತೋಟದ ಲೆಕ್ಕವನ್ನು ಕೇಳಿ ಬರೆದುಕೊಂಡಿದ್ದಾರೆ, ಆ ಬೆಳಗ್ಗೆ ಅವರು ತೋಟದಲ್ಲಿ ಇರಲೇ ಇಲ್ಲ.

ಇಲ್ಲಿ 104ನೇ ಪುಟದ ಆಳನ್ನು ಗಮನಿಸಿ. ಅವನಿಲ್ಲದಿದ್ದರೆ ‘ರಾತ್ರಿಯೇ ಯಾರೋ ಮಾಪಕವನ್ನು ಎತ್ತಿ ನಿಲ್ಲಿಸಿರಬಹುದಲ್ಲ’ ಎಂದು ಯಾರು ಬೇಕಾದರೂ ಕೇಳಬಹುದು, ಇಡೀ ತರ್ಕ ಸಡಿಲವಾಗುತ್ತದೆ. ಒಳ್ಳೆಯ ಪತ್ತೇದಾರಿ ಕಾದಂಬರಿಯನ್ನು ಸಾಧಾರಣದ್ದರಿಂದ ಬೇರೆ ಮಾಡುವುದು ಇಂಥ ಮೂರನೆಯ ತುಂಡು. ಉಳಿದ ದಾರಿಗಳನ್ನು ಮುಚ್ಚುವ ಸಂಗತಿ ಅದು. ಲೆಕ್ಕ ಹಾಕುವಾಗ ‘ಬೇರೆ ವಿವರಣೆಯೂ ಹೊಂದುತ್ತದೆಯೇ’ ಎಂದು ಪ್ರತಿ ಸುಳಿವಿಗೂ ಕೇಳಿಕೊಳ್ಳಿ.

ಲೆಕ್ಕದ ಫಲ ಓದುವುದು ಸುಲಭ. ಒಂಬತ್ತು ಸಂಗತಿಗಳಲ್ಲಿ ಏಳು ಮೊದಲೇ ಕಂಡಿದ್ದು ಎರಡು ಕೊನೆಯಲ್ಲಿ ಹೊಸದಾಗಿ ಬಂದರೂ, ಆ ಎರಡು ಬರೀ ಒತ್ತಾಸೆಯಾಗಿದ್ದರೆ ದೋಷವಲ್ಲ. ಎಂಟು ಮೊದಲೇ ಕಂಡು ಒಂದೇ ಒಂದು ಹೊಸದಾಗಿದ್ದು, ಅದೇ ನಿರ್ಣಾಯಕವಾಗಿದ್ದರೆ ಅದು ಮೋಸ. ಸಂಖ್ಯೆಗಿಂತ ಭಾರ ಮುಖ್ಯ. ಇಂಗ್ಲೆಂಡಿನ ಪಾದ್ರಿ, ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಬರೆದ ಹತ್ತು ನಿಯಮಗಳಲ್ಲಿ ಒಂದು ಇದೇ: ಪತ್ತೇದಾರನಿಗೆ ಸಿಕ್ಕ ಸುಳಿವು ಆಗಿಂದಾಗಲೇ ಓದುಗರ ಕಣ್ಣಿಗೂ ಬೀಳಬೇಕು. ಅದೇ ವರ್ಷ ಅಮೆರಿಕದಲ್ಲಿ ಎಲರಿ ಕ್ವೀನ್ ಎಂಬ ಕಾವ್ಯನಾಮದಲ್ಲಿ ಬಂದ ಮೊದಲ ಕಾದಂಬರಿ ಕೊನೆಗೆ ಮುಂಚೆ ಕತೆಯನ್ನೇ ನಿಲ್ಲಿಸಿ, ಬೇಕಾದ್ದೆಲ್ಲ ನಿಮ್ಮ ಮುಂದಿದೆ, ಈಗ ನೀವೇ ಬಿಡಿಸಿ ಎಂದು ಓದುಗರಿಗೆ ಸವಾಲು ಹಾಕಿತು. ನಿಮ್ಮ ಪುಸ್ತಕದಲ್ಲಿ ಅಂಥ ಪುಟ ಇಲ್ಲದಿದ್ದರೂ ಅದು ಎಲ್ಲಿ ಬರಬಹುದಿತ್ತು ಎಂದು ಯೋಚಿಸಿ. ಅದನ್ನು ಇಡಲು ಜಾಗವೇ ಸಿಗದಿದ್ದರೆ, ಅಂದರೆ ಹೊಸ ಸಂಗತಿ ಬರುತ್ತಲೇ ಉತ್ತರವೂ ಬಂದರೆ, ಅದನ್ನೇ ಬರೆಯಿರಿ.

ಯಾವ ಜಾತಿಯ ಕತೆಗೆ ಯಾವ ಅಳತೆ

ಮೇಲಿನ ಲೆಕ್ಕ ‘ಯಾರು ಕೊಂದರು’ ಎಂಬ ಬಗೆಯ ಕತೆಗೆ ಸರಿ. ಬೀಗ ಹಾಕಿದ ಕೋಣೆಯೊಳಗಿನ ಕೊಲೆಯಾದರೆ ‘ಹೇಗೆ’ ಎಂಬುದೇ ಪ್ರಶ್ನೆ. ಕಾಗದದ ಮೇಲೆ ಕೋಣೆಯ ನಕ್ಷೆ ಬರೆದು, ಚಿಲಕ, ಕಿಟಕಿ, ನಿಮಿಷಗಳ ಲೆಕ್ಕ ಹಾಕಿ ನೋಡಬೇಕು. ಮೊದಲ ಅಧ್ಯಾಯದಲ್ಲೇ ಕೊಲೆಗಾರನನ್ನು ತೋರಿಸಿ, ಅವನು ಸಿಕ್ಕಿಬೀಳುವುದು ಹೇಗೆ ಎಂದು ಹೇಳುವ ತಿರುಗುಮುರುಗು ಕತೆಗಳಿವೆ. ಇಂಗ್ಲಿಷ್ ಲೇಖಕ ಆಸ್ಟಿನ್ ಫ್ರೀಮನ್ 1912ರ ಕಥಾಸಂಕಲನದಲ್ಲೇ ಈ ದಾರಿ ಹಿಡಿದಿದ್ದರು. ಅಲ್ಲಿ ಕೊಲೆಗಾರನ ಹೆಸರು ಹೇಳಿದರೆ ತಪ್ಪಿಲ್ಲ, ಅವನು ಮಾಡಿದ ತಪ್ಪು ಯಾವುದೆಂದು ಹೇಳಬಾರದು.

ಕನ್ನಡದ ಹಳೆಯ ಪತ್ತೇದಾರಿಗಳನ್ನು ಕೈಗೆತ್ತಿಕೊಂಡವರು ಇಲ್ಲೇ ಎಡವುವುದು. ನೂರಾರು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ನಾಕ್ಸ್‌ನ ನಿಯಮಗಳಿಂದ ಅಳೆದು ‘ಸುಳಿವು ಕೊಡಲಿಲ್ಲ’ ಎಂದು ದೂರುವುದು ಆ ಬರವಣಿಗೆಗೆ ಮಾಡುವ ಅನ್ಯಾಯ. ಓದುಗರೊಂದಿಗೆ ಒಗಟಿನ ಪಂದ್ಯ ಆಡುವುದು ಅದರ ಮೊದಲ ಗುರಿಯಲ್ಲ. ಅಧ್ಯಾಯ ಎಲ್ಲಿ ಕಡಿಯುತ್ತದೆ, ಸಂಭಾಷಣೆ ಎಷ್ಟು ಬೇಗ ಸಾಗುತ್ತದೆ, ಹೊಸದಾಗಿ ಓದಲು ಕಲಿತವರೂ ಒಂದೇ ಉಸಿರಿಗೆ ಮುಗಿಸುವಷ್ಟು ವಾಕ್ಯ ಸರಳವಾಗಿದೆಯೇ, ಇವನ್ನು ನೋಡಿ. ಟಿ.ಕೆ. ರಾಮರಾಯರನ್ನು ಓದುವಾಗ ಅಳತೆ ಮತ್ತೆ ಬೇರೆ: ಅಲ್ಲಿ ಅಪರಾಧದಷ್ಟೇ ಮನೆತನ, ಊರು, ಸಂಬಂಧಗಳೂ ತೂಕ ಹೊರುತ್ತವೆ. ಪುಸ್ತಕ ಯಾವ ಆಟ ಆಡಲು ಹೊರಟಿದೆ ಎಂದು ಮೊದಲ ಎರಡು ವಾಕ್ಯದಲ್ಲೇ ಹೇಳಿಬಿಡಿ. ಓದುಗರ ಅರ್ಧ ನಿರಾಸೆ ಅಲ್ಲಿಗೇ ತಪ್ಪುತ್ತದೆ.

ಕನ್ನಡದ ಕ್ರಿಯಾಪದವೇ ಗುಟ್ಟು ಬಿಡುತ್ತದೆ

ಇಂಗ್ಲಿಷಿನಲ್ಲಿ ಬರೆಯುವವರಿಗೆ ಇಲ್ಲದ ಕಷ್ಟವೊಂದು ನಮಗಿದೆ. ‘ಕೊನೆಯಲ್ಲಿ ಸಿಕ್ಕಿಬೀಳುತ್ತಾಳೆ’ ಎಂದು ಬರೆದರೆ ಐದು ಜನ ಸಂಶಯಿತರು ಇಬ್ಬರಿಗೆ ಇಳಿದಂತೆ. ‘ಕೊಲೆಗಾರ’ ಎಂಬ ಪದವೂ ಗಂಡಸಿನತ್ತ ಬೆರಳು ಮಾಡುತ್ತದೆ. ಸುರಕ್ಷಿತ ದಾರಿ ‘ಕೊಂದವರು’, ‘ಕೊಲೆ ಮಾಡಿದವರು’. ಈ ‘ಅವರು’ ಗಂಡು, ಹೆಣ್ಣು, ಒಬ್ಬರು, ಇಬ್ಬರು ಎಲ್ಲವನ್ನೂ ಮುಚ್ಚುತ್ತದೆ. ಆದರೆ ಒಂದು ಬರಹದಲ್ಲಿ ಆರಂಭದಿಂದ ಕೊನೆವರೆಗೂ ಅದನ್ನೇ ಬಳಸಬೇಕು. ನಡುವೆ ಒಂದು ಕಡೆ ‘ಅವನ ಉದ್ದೇಶ’ ಎಂದು ಜಾರಿದರೆ ಮುಗಿಯಿತು. ಬರೆದು ಮುಗಿಸಿದ ಮೇಲೆ ಬರೀ ಕ್ರಿಯಾಪದದ ಕೊನೆಗಳನ್ನು ನೋಡುತ್ತಾ ಒಂದು ಸಲ ಓದಿಹೋಗಿ.

ಏಕವಚನ, ಬಹುವಚನದ ಆಯ್ಕೆಯೂ ಮಾತಾಡುತ್ತದೆ. ಎಲ್ಲ ಹಿರಿಯರನ್ನೂ ‘ಅವರು’ ಎಂದು ಕರೆದು ಒಬ್ಬರನ್ನು ಮಾತ್ರ ‘ಅವನು’ ಎಂದರೆ ಓದುಗರ ಕಿವಿ ನೆಟ್ಟಗಾಗುತ್ತದೆ. ಮೇಲಿನ ಕತೆಯಲ್ಲಿ ರೈಟರಿಗೂ ಡಾಕ್ಟರಿಗೂ ಒಂದೇ ಮರ್ಯಾದೆ ಕೊಟ್ಟು ಬರೆಯಬೇಕು. ಕಾಲವೂ ಅಷ್ಟೆ. ‘ತಂಗಿ ತುಂಬಾ ಗಟ್ಟಿ ಹೆಂಗಸಾಗಿದ್ದಳು’ ಎಂದರೆ ಅವಳು ಉಳಿಯುವುದಿಲ್ಲ ಎಂದೇ ಓದುಗರು ಅರ್ಥಮಾಡಿಕೊಳ್ಳುತ್ತಾರೆ. ಬದುಕಿರಲಿ, ಸಾಯಲಿ, ಎಲ್ಲರನ್ನೂ ವರ್ತಮಾನದಲ್ಲೇ ಹೇಳಿ.

ಅನುವಾದಗಳನ್ನು ಓದಿದವರು ಇದನ್ನೇ ಇನ್ನೊಂದು ಕಡೆಯಿಂದ ನೋಡಬೇಕು. ಮೂಲದ ‘ಅಂಕಲ್’ ಕನ್ನಡಕ್ಕೆ ಬರುವಾಗ ಚಿಕ್ಕಪ್ಪನೋ ದೊಡ್ಡಪ್ಪನೋ ಸೋದರಮಾವನೋ ಆಗಲೇಬೇಕು, ‘ಕಸಿನ್’ ಗಂಡೋ ಹೆಣ್ಣೋ ತೀರ್ಮಾನವಾಗಬೇಕು. ಆಸ್ತಿ ಯಾರಿಗೆ ಸೇರುತ್ತದೆ ಎಂಬುದೇ ಕತೆಯ ಕೀಲಾಗಿದ್ದರೆ ಈ ಒಂದು ಪದ ಉತ್ತರವನ್ನು ಮೊದಲೇ ಬಿಟ್ಟುಕೊಡಬಹುದು, ಇಲ್ಲವೇ ದಾರಿ ತಪ್ಪಿಸಬಹುದು. ಸಾಯುತ್ತಿದ್ದವರು ಅರ್ಧ ಬರೆದ ಹೆಸರು, ಅಕ್ಷರಗಳ ಹಿಂದುಮುಂದು, ಇನಿಷಿಯಲ್‌ಗಳು ಸುಳಿವಾಗಿದ್ದರೆ ಕನ್ನಡ ಲಿಪಿಯಲ್ಲಿ ಅವು ನಿಲ್ಲುತ್ತವೆಯೇ ನೋಡಿ. ರೋಮನ್ ಲಿಪಿಯ ಮೂರು ಅಕ್ಷರ ಕನ್ನಡದಲ್ಲಿ ಒಂದೇ ಒತ್ತಕ್ಷರವಾಗಿ ಮುದುಡಿಹೋದರೆ ಅರ್ಧ ಬರೆದ ಹೆಸರು ಎಂಬ ಮಾತಿಗೇ ಅರ್ಥವಿರುವುದಿಲ್ಲ. ಅನುವಾದಕರು ಇದನ್ನು ಹೇಗೆ ಸಂಭಾಳಿಸಿದ್ದಾರೆ ಎಂದು ಬರೆದರೆ ಅದು ಬೇರೆ ಎಲ್ಲೂ ಸಿಗದ ಮಾಹಿತಿ.

ಬರೆಯುವಾಗ

ಮುನ್ನೂರರಿಂದ ನಾನೂರು ಪದ ಸಾಕು. ಮೊದಲು ಬಗೆ, ಸ್ಥಳ, ಕಾಲ, ಪುಟಗಳ ಸಂಖ್ಯೆ, ಅನುವಾದವಾದರೆ ಅನುವಾದಕರ ಹೆಸರು. ಕತೆ ಹೇಳುವುದು ಪುಸ್ತಕದ ಐದನೇ ಒಂದು ಭಾಗದವರೆಗೆ ಮಾತ್ರ, 240 ಪುಟಕ್ಕೆ 48. ಮೊದಲ ಕೊಲೆ ಅದಕ್ಕಿಂತ ತಡವಾಗಿ ಆಗುವುದಾದರೆ ಸತ್ತವರ ಹೆಸರನ್ನೂ ಹೇಳಬೇಡಿ. ಉಳಿದ ಜಾಗವೆಲ್ಲ ಕಟ್ಟುವಿಕೆಗೆ.

ನಮ್ಮ ಕಾಫಿ ತೋಟದ ಕತೆಯ ಬಗ್ಗೆ ‘ಮಳೆ ಲೆಕ್ಕದ ಪುಸ್ತಕವನ್ನು ಬಳಸಿಕೊಂಡ ರೀತಿ ಅದ್ಭುತ’ ಎಂದು ಒಬ್ಬರು ಬರೆದರು ಎಂದುಕೊಳ್ಳಿ. ಹೆಸರು ಹೇಳಿಲ್ಲ, ಆದರೂ 88ನೇ ಪುಟಕ್ಕೆ ಬಂದವರಿಗೆ ಉಳಿದದ್ದು ತಾನಾಗಿ ಹೊಳೆಯುತ್ತದೆ. ಅದನ್ನೇ ಹೀಗೆ ಬರೆಯಬಹುದು: ‘ನಿರ್ಣಾಯಕ ಸುಳಿವು ಪುಸ್ತಕದ ಮೊದಲರ್ಧದಲ್ಲೇ ಇದೆ, ಕಣ್ಣೆದುರೇ ಇದೆ. ತೋಟದ ದಿನಚರಿ ಗೊತ್ತಿರುವವರಿಗೆ ಒಂದು ಹೆಜ್ಜೆ ಮುಂದೆ ಇರುವ ಅವಕಾಶವೂ ಇದೆ. ಬೇರೆ ವಿವರಣೆ ಹೊಂದದ ಹಾಗೆ ಲೇಖಕರು ಎಲ್ಲ ದಾರಿ ಮುಚ್ಚಿದ್ದಾರೆ.’ ಮೂರೂ ವಾಕ್ಯ ನಿಜ, ಮೂರೂ ತೂಕದವು, ಯಾವುದೂ ಬಾಗಿಲು ತೆರೆಯುವುದಿಲ್ಲ. ಪುಟ ಸಂಖ್ಯೆಗಳು ನಿಮ್ಮ ಕಾರ್ಡಿನಲ್ಲೇ ಇರಲಿ.

ಗೊತ್ತಿಲ್ಲದೆ ಗುಟ್ಟು ಬಿಡುವ ದಾರಿಗಳು ಇನ್ನೂ ಕೆಲವಿವೆ. ‘ಕೊನೆಯ ತಿರುವು ಊಹಿಸಲು ಸಾಧ್ಯವೇ ಇಲ್ಲ’ ಎಂದರೆ ಓದುವವರು ಮೊದಲ ಪುಟದಿಂದಲೇ ತಿರುವಿಗಾಗಿ ಕಾಯುತ್ತಾರೆ, ಎಲ್ಲರಿಗಿಂತ ಸಾಧುವಾದವರನ್ನೇ ಗುರಿ ಮಾಡುತ್ತಾರೆ. ಸಂಶಯಿತರನ್ನು ಹೆಸರಿಸುವಾಗ ಒಬ್ಬರನ್ನು ಬಿಟ್ಟರೆ ಬಿಟ್ಟವರೇ ಎದ್ದು ಕಾಣುತ್ತಾರೆ. ಎಲ್ಲರನ್ನೂ ಹೇಳಿ, ಕತೆಯಲ್ಲಿ ಬಂದ ಕ್ರಮದಲ್ಲೇ ಹೇಳಿ. ಎಲ್ಲಕ್ಕಿಂತ ಅಪಾಯ ಹೋಲಿಕೆ. ‘ಇಂಥ ಪ್ರಸಿದ್ಧ ಕಾದಂಬರಿಯನ್ನು ನೆನಪಿಸುತ್ತದೆ’ ಎಂದು ಬರೆದರೆ ಒಂದು ಏಟಿಗೆ ಎರಡು ಪುಸ್ತಕ ಹಾಳು. ವಾತಾವರಣ, ಭಾಷೆ, ಪತ್ತೇದಾರನ ಸ್ವಭಾವದಲ್ಲಿ ಹೋಲಿಕೆ ಇದ್ದರೆ ಅದನ್ನು ಬಿಡಿಸಿ ಹೇಳಿ, ತಂತ್ರದ ಹೋಲಿಕೆಯನ್ನು ಬಿಟ್ಟುಬಿಡಿ.

ಸಂಗತಿಗಳ ಸರಿತಪ್ಪು ನೋಡುವುದೂ ಅಭಿಪ್ರಾಯದ ಭಾಗವೇ. ಕತೆ ನಡೆಯುವ ವರ್ಷ ನೋಡಿ: 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ, ಆ ದಿನದಿಂದ ಮುಂದಿನ ಕೊಲೆಗೆ ಹಳೆಯ ದಂಡ ಸಂಹಿತೆಯ ಸೆಕ್ಷನ್ 302 ಅಲ್ಲ, ಹೊಸದರ 103. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಠಾಣೆಯಲ್ಲಿ ಅತ್ತು ಒಪ್ಪಿಕೊಂಡದ್ದರಿಂದಲೇ ಕೇಸು ಗೆದ್ದಂತೆ ಮುಗಿಯುವ ಕತೆಗೆ ಬುನಾದಿ ಇಲ್ಲ. ಹೆಣ ಸೆಟೆದುಕೊಳ್ಳುವುದು ಬಿಸಿಲಿನ ಊರಿನಲ್ಲಿ ಬೇಗ ಶುರುವಾಗಿ ಬೇಗ ಬಿಡುತ್ತದೆ, ಚಳಿಯಲ್ಲಿ ನಿಧಾನ. ಮಂಗಳೂರಿನ ಮೇ ತಿಂಗಳಲ್ಲಿ ಡಾಕ್ಟರು ದೇಹ ಮುಟ್ಟಿನೋಡಿ ‘ರಾತ್ರಿ 10:20ಕ್ಕೆ ಸತ್ತದ್ದು’ ಎಂದು ನಿಮಿಷ ಸಮೇತ ಹೇಳಿದರೆ ಆ ಒಂದು ವಾಕ್ಯದ ಮೇಲೆ ನಿಂತ ಅಲಿಬಿಗಳೆಲ್ಲ, ಅಂದರೆ ‘ಆ ಹೊತ್ತಿಗೆ ನಾನು ಬೇರೆ ಕಡೆ ಇದ್ದೆ’ ಎಂಬ ಮಾತುಗಳೆಲ್ಲ, ಅಲುಗಾಡುತ್ತವೆ. ಇಂಥ ತಪ್ಪು ಕತೆಯ ಕೀಲಿನಲ್ಲೇ ಇದ್ದರೆ ದೊಡ್ಡದು, ಅಂಚಿನಲ್ಲಿದ್ದರೆ ಒಂದು ಸಾಲಿನಲ್ಲಿ ಮುಗಿಸಿ.

ಉತ್ತರದ ಬಗ್ಗೆಯೇ ಮಾತಾಡಬೇಕಿದ್ದರೆ ಅದನ್ನು ಬೇರೆ ಹಾಳೆಯಲ್ಲಿ, ಬೇರೆ ಸಂದೇಶದಲ್ಲಿ ಬರೆಯಿರಿ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಸಂದೇಶದ ಮೊದಲ ಸಾಲುಗಳು ಫೋನಿನ ಪರದೆಯ ಮೇಲೆ ತಾವಾಗಿ ಮಿಂಚುತ್ತವೆ ಎಂಬುದು ನೆನಪಿರಲಿ; ಮೊದಲ ಎರಡು ಸಾಲು ಪುಸ್ತಕದ ಹೆಸರು ಮತ್ತು ಎಚ್ಚರಿಕೆಗೆ ಮೀಸಲು.

ನಾಲ್ಕಾರು ಜನ ಒಂದೇ ಪುಸ್ತಕ ಓದಿ ಕೂತಾಗ

ಆರರಿಂದ ಎಂಟು ಜನ ಇದ್ದರೆ ಒಳ್ಳೆಯದು. ಅರ್ಧ ಪುಸ್ತಕ ಮುಗಿದಾಗ, ಮುಕ್ಕಾಲು ಮುಗಿದಾಗ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆದು ಮಡಚಿ ಒಬ್ಬರ ಕೈಗೆ ಕೊಡಲಿ. ಎಲ್ಲರೂ ಮುಗಿಸಿದ ದಿನ ಬಿಡಿಸಿ. ಎಂಟರಲ್ಲಿ ಆರು ಚೀಟಿ ಮುಕ್ಕಾಲು ದಾರಿಯಲ್ಲಿ ಒಂದೇ ತಪ್ಪು ಹೆಸರು ಹೇಳಿದರೆ ಲೇಖಕರು ಎಲ್ಲರ ಕಣ್ಣನ್ನೂ ಬೇಕೆಂದ ಕಡೆಗೇ ತಿರುಗಿಸಿದ್ದಾರೆ. ಅರ್ಧದಲ್ಲೇ ಆರು ಜನ ಸರಿ ಹೇಳಿದರೆ ಮರೆ ತೆಳುವಾಗಿದೆ. ಎಂಟೂ ಚೆಲ್ಲಾಪಿಲ್ಲಿಯಾಗಿ, ಕಾರಣದ ಜಾಗದಲ್ಲಿ ‘ಸುಮ್ಮನೆ’ ಎಂದಿದ್ದರೆ ಹಿಡಿದುಕೊಳ್ಳಲು ಸುಳಿವೇ ಸಿಕ್ಕಿಲ್ಲ. ಒಬ್ಬರ ಅಭಿಪ್ರಾಯಕ್ಕೆ ಸಿಗದ ಬಲ ಈ ಚೀಟಿಗಳಿಗಿದೆ. ಮುಗಿಸದವರು ಯಾರಾದರೂ ಬಂದಿದ್ದರೆ ಮೊದಲ ಅರ್ಧ ಗಂಟೆ ಊರು, ಭಾಷೆ, ಪಾತ್ರಗಳ ಮಾತು. ಅವರು ಎದ್ದು ಹೋದ ಮೇಲೆ ಉಳಿದದ್ದು. ಅವರ ಮುಂದೆಯೇ ‘ಆ ಹೆಂಗಸು ಇದ್ದಾಳಲ್ಲ’ ಎಂದು ಕಣ್ಣು ಮಿಟುಕಿಸುವುದೂ ಹೇಳಿದ್ದಕ್ಕೆ ಸಮ.

ಪುಸ್ತಕ ಇನ್ನೊಬ್ಬರ ಕೈಗೆ ಹೋಗುವ ಮುಂಚೆ ಕಾರ್ಡು, ಚೀಟಿ ಎಲ್ಲ ತೆಗೆಯಿರಿ. ಪೆನ್ಸಿಲ್ ಗೀರಿದ್ದರೆ ಅಳಿಸಿ, ಮಡಚಿದ ಮೂಲೆಗಳನ್ನು ಬಿಡಿಸಿ ಒಂದೆರಡು ದಿನ ಭಾರದ ಕೆಳಗೆ ಇಡಿ. ಯಾವ ಗುರುತೂ ಇಲ್ಲದ ಪುಸ್ತಕದಲ್ಲಿ 31ನೇ ಪುಟ, 88ನೇ ಪುಟ, 104ನೇ ಪುಟ ಇವಿಷ್ಟೇ ಮೂಲೆ ಮಡಚಿಕೊಂಡಿದ್ದರೆ, ಮುಂದಿನ ಓದುಗರಿಗೆ ಮಳೆಮಾಪಕ ಎಲ್ಲಿ ಬಿದ್ದಿದೆ ಎಂದು ತೋರಿಸಿಕೊಟ್ಟಂತೆಯೇ.